9 ವರ್ಷಗಳ ಎಲ್‌ಇಡಿ ಬಳಕೆ: ಮಲೆನಾಡಿನ ಒಂದು ಅಡಿಕೆ ಮನೆಯ ಅನುಭವ

ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಮೊದಲ ಎಲ್‌ಇಡಿ ಬಲ್ಬು ಹೊತ್ತಿದ್ದು 2016ರಲ್ಲಿ. ಕೇಂದ್ರದ ಉಜಾಲಾ ಯೋಜನೆ ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಜಾರಿಯಾದಾಗ ತಂದ 9 ವ್ಯಾಟಿನ ಬಲ್ಬುಗಳವು. ಅಂದಿನಿಂದ ಜಗಲಿ, ಅಡುಗೆಮನೆ, ದೇವರ ಕೋಣೆ, ಬಚ್ಚಲು, ಕೊಟ್ಟಿಗೆ, ಅಟ್ಟ, ಅಂಗಳ ಎಂದು ಒಂದೊಂದಾಗಿ ಎಲ್ಲ ದೀಪಗಳನ್ನೂ ಬದಲಾಯಿಸಿದ್ದೇನೆ. ಹಾಕಿದ ದಿನವೇ ಬಲ್ಬಿನ ಬುಡದಲ್ಲಿ ಮಾರ್ಕರ್ ಪೆನ್ನಿನಿಂದ ತಾರೀಖು ಬರೆಯುವುದು, ಕೆಟ್ಟ ದಿನ ಅದನ್ನು ಪುಸ್ತಕಕ್ಕೆ ಏರಿಸುವುದು ನನ್ನ ರೂಢಿ. ಮನೆಯವರು ಇದನ್ನು ದೀಪಗಳ ಜಾತಕ ಬರೆಯುವುದು ಎಂದು ನಗುತ್ತಾರಾದರೂ, ಈ ವಿಮರ್ಶೆಗೆ ಆಧಾರ ಆ ಪುಸ್ತಕವೇ. ಕಂಪನಿಗಳ ಹೆಸರನ್ನು ಬರೆಯುತ್ತಿಲ್ಲ. ಒಂದೇ ಕಂಪನಿಯ ಒಂದು ಮಾದರಿ 7 ವರ್ಷ ಉರಿದು, ಅದೇ ಕಂಪನಿಯ ಇನ್ನೊಂದು ಮಾದರಿ 7 ತಿಂಗಳಿಗೆ ಆರಿಹೋಗಿದ್ದನ್ನು ಕಂಡ ಮೇಲೆ ಹೆಸರಿಗಿಂತ ಒಳಗೆ ಏನಿದೆ ಎಂಬುದೇ ಮುಖ್ಯವೆಂದು ನನಗನ್ನಿಸಿದೆ.

ಮೊದಲು ಉಳಿತಾಯದ ಮಾತು, ಏಕೆಂದರೆ ಅದರಲ್ಲಿ ವಿವಾದವೇನೂ ಇಲ್ಲ. 60 ವ್ಯಾಟಿನ ಹಳೆಯ ಬುರುಡೆ ಬಲ್ಬು ಕೊಡುತ್ತಿದ್ದುದು ಸುಮಾರು 700 ಲ್ಯೂಮೆನ್ ಬೆಳಕು. ಇಂದಿನ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿಸಿದರೆ ಒಂದು ಬಲ್ಬಿನ ಜಾಗದಲ್ಲಿಯೇ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ. 36 ವ್ಯಾಟಿನ ಟ್ಯೂಬ್‌ಲೈಟು ತನ್ನ ಹಳೆಯ ಚೋಕಿನ ಪಾಲನ್ನೂ ಸೇರಿಸಿ 46ರಿಂದ 50 ವ್ಯಾಟ್ ಎಳೆಯುತ್ತಿತ್ತು; ಅದೇ ಉದ್ದದ ಎಲ್‌ಇಡಿ ಬ್ಯಾಟನ್‌ಗೆ 20 ವ್ಯಾಟ್ ಸಾಕು. ರಾತ್ರಿಯಿಡೀ ಉರಿಯುತ್ತಿದ್ದ ‘ಜೀರೋ’ ಬಲ್ಬಂತೂ ಹೆಸರಿಗೆ ಮಾತ್ರ ಸೊನ್ನೆ, ನಿಜಕ್ಕೆ ಅದು 12ರಿಂದ 15 ವ್ಯಾಟ್ ತಿನ್ನುತ್ತಿತ್ತು. ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಿಲ್ಲನ್ನು ಯಾರೂ ತಿರುಗಿಸಿ ನೋಡುವುದಿಲ್ಲ ಎನ್ನುತ್ತಾರೆ, ಆದರೆ 200 ಯೂನಿಟಿನ ಮಿತಿಯೊಳಗೆ ಉಳಿಯಬೇಕಾದವರಿಗೆ ಈ ಲೆಕ್ಕ ಇಂದಿಗೂ ಬೇಕು.

ನಾನು ಮಾಡಿದ ಮೊದಲ ತಪ್ಪು, ಎಲ್ಲ ಕಡೆಗೂ ಒಂದೇ ಬಗೆಯ 6500 ಕೆಲ್ವಿನ್‌ನ ಬಿಳಿ ದೀಪವನ್ನು ತಂದದ್ದು. ಕೆಲ್ವಿನ್ ಹೆಚ್ಚಿದಷ್ಟೂ ಬೆಳಕು ಹೆಚ್ಚು ಎಂದು ಅಂಗಡಿಯಲ್ಲಿ ಹೇಳಿದ್ದನ್ನು ನಂಬಿದ್ದೆ. ಕೆಲ್ವಿನ್ ಬೆಳಕಿನ ಪ್ರಮಾಣವಲ್ಲ, ಅದರ ಬಣ್ಣ. 2700ರಿಂದ 3000 ಹಳೆಯ ಬುರುಡೆ ಬಲ್ಬಿನ ಹಳದಿ, 4000 ನಡುವಿನ ಬಿಳಿ, 6500 ನೀಲಿ ಬೆರೆತ ಬಿಳಿ. ಎಷ್ಟು ಬೆಳಕು ಎಂಬುದನ್ನು ಹೇಳುವುದು ಲ್ಯೂಮೆನ್ ಮಾತ್ರ, ವ್ಯಾಟ್ ಹೇಳುವುದು ಖರ್ಚನ್ನು. ಮಣ್ಣಿನ ಗೋಡೆ, ಮರದ ಕಂಬಗಳ ನಮ್ಮ ಜಗಲಿಗೆ 6500ರ ದೀಪ ಹಾಕಿದಾಗ ಅದು ಆಸ್ಪತ್ರೆಯ ವರಾಂಡದಂತೆ ಕಾಣುತ್ತಿತ್ತು. ಈಗ ಅಲ್ಲಿ 3000, ಅಡುಗೆಮನೆಯಲ್ಲಿ ಮತ್ತು ಮಕ್ಕಳು ಓದುವ ಮೇಜಿನ ಮೇಲೆ 4000, ಬಚ್ಚಲು ಮತ್ತು ಕೊಟ್ಟಿಗೆಯಲ್ಲಿ ಮಾತ್ರ 6500 ಇದೆ. ಜಗಲಿಯ ಬದಲಾವಣೆಯಿಂದ ನಾನು ನಿರೀಕ್ಷಿಸದ ಇನ್ನೊಂದು ಲಾಭವೂ ಆಯಿತು. ಮುಂಗಾರಿನ ಮೊದಲ ಮಳೆಗೆ ದೀಪಕ್ಕೆ ಮುತ್ತುವ ಹಾತೆಗಳ ಕಾಟ ಮಲೆನಾಡಿನವರಿಗೆ ಗೊತ್ತಿರುವುದೇ. ಅವುಗಳನ್ನು ಹೆಚ್ಚು ಸೆಳೆಯುವುದು ಬೆಳಕಿನಲ್ಲಿರುವ ನೀಲಿಯ ಅಂಶ. ಹಳದಿ ದೀಪ ಬಂದ ಮೇಲೆ ಊಟದ ಎಲೆಗೆ ಬೀಳುವ ಹುಳುಗಳು ಪೂರ್ತಿ ನಿಲ್ಲಲಿಲ್ಲ, ಆದರೆ ಗಮನಕ್ಕೆ ಬರುವಷ್ಟು ಕಡಿಮೆಯಾದವು.

ಬಣ್ಣದ ವಿಷಯದಲ್ಲಿ ನನಗೆ ನಿಜವಾದ ಪಾಠ ಕಲಿಸಿದ್ದು ಅಡಿಕೆ. ಕೊನೆಕೊಯ್ಲಿನ ದಿನಗಳಲ್ಲಿ ನಮ್ಮಲ್ಲಿ ಅಡಿಕೆ ಸುಲಿಯುವ ಕೆಲಸ ರಾತ್ರಿಯವರೆಗೂ ನಡೆಯುತ್ತದೆ. ಬೇಯಿಸಿ ಒಣಗಿಸಿದ ಮೇಲೆ ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸಬೇಕು. ಒಂದು ವರ್ಷ ಅಗ್ಗದ ಬ್ಯಾಟನ್‌ನ ಕೆಳಗೆ ಕುಳಿತು ರಾತ್ರಿ ಆರಿಸಿದ ಅಡಿಕೆಯನ್ನು ಬೆಳಿಗ್ಗೆ ಬಿಸಿಲಿನಲ್ಲಿ ನೋಡಿದರೆ, ಚೆನ್ನಾಗಿ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಿಡಿದ ಕೆಂಪಡಿಕೆಯೂ ಮಂಕಾದ ಅಡಿಕೆಯೂ ಒಂದೇ ರಾಶಿಯಲ್ಲಿದ್ದವು. ಕಣ್ಣಿಗೆ ವಯಸ್ಸಾಯಿತೆಂದು ಮೊದಲು ತಿಳಿದೆ. ಆದರೆ ಅದೇ ಜಾಗದಲ್ಲಿ ಉಳಿದಿದ್ದ ಒಂದು ಹಳೆಯ ಬುರುಡೆ ಬಲ್ಬಿನ ಕೆಳಗೆ ಹಿಡಿದಾಗ ಎರಡರ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು.

ಕಾರಣ ಬಿಳಿ ಎಲ್‌ಇಡಿಯ ಹುಟ್ಟಿನಲ್ಲಿಯೇ ಇದೆ. ಅದರೊಳಗಿನ ಚಿಪ್ ಸೂಸುವುದು ನೀಲಿ ಬೆಳಕನ್ನು. ಜಪಾನ್ ಮೂಲದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂದದ್ದು ಆ ನೀಲಿ ಎಲ್‌ಇಡಿಗಾಗಿಯೇ. ಚಿಪ್‌ನ ಮೇಲೆ ಹಚ್ಚಿದ ಹಳದಿ ಫಾಸ್ಫರ್ ಲೇಪ ಒಂದಷ್ಟು ನೀಲಿಯನ್ನು ಹೀರಿ ಹಳದಿಯನ್ನು ಹೊರಡಿಸುತ್ತದೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ಬಿಳಿಯಲ್ಲಿ ಗಾಢ ಕೆಂಪಿನ ಪಾಲು ಬಹಳ ಕಡಿಮೆ. ದೀಪದ ಡಬ್ಬಿಯ ಮೇಲೆ ಸಿಆರ್‌ಐ ಎಂದು ಬರೆದಿರುವ ಅಂಕಿ, ವಸ್ತುಗಳ ಬಣ್ಣವನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ; 100 ಅದರ ಗರಿಷ್ಠ. ಆದರೆ ಆ ಸರಾಸರಿಯನ್ನು ಲೆಕ್ಕ ಹಾಕುವುದು 8 ತಿಳಿ ಬಣ್ಣಗಳಿಂದ, ಗಾಢ ಕೆಂಪಿನ ಅಳತೆಯಾದ ಆರ್9 ಅದರಲ್ಲಿ ಸೇರುವುದಿಲ್ಲ. ಹೀಗಾಗಿ ಸಿಆರ್‌ಐ 80 ಇರುವ ದೀಪ ಮನೆಬಳಕೆಗೆ ಸಾಕಾದರೂ ಕೆಂಪಡಿಕೆ ಆರಿಸಲು ಸಾಲದು. ಮರುವರ್ಷ ಸಿಆರ್‌ಐ 90ಕ್ಕಿಂತ ಹೆಚ್ಚಿರುವ, ಆರ್9 ಅಂಕಿಯನ್ನೂ ನಮೂದಿಸಿದ್ದ, 4000 ಕೆಲ್ವಿನ್‌ನ ಎರಡು ಬ್ಯಾಟನ್‌ಗಳನ್ನು ಹೆಚ್ಚು ಹಣ ಕೊಟ್ಟು ತರಿಸಿದೆ. 9 ವರ್ಷಗಳಲ್ಲಿ ದೀಪಕ್ಕಾಗಿ ಮಾಡಿದ ಖರ್ಚಿನಲ್ಲಿ ನನಗೆ ಪೂರ್ತಿ ತೃಪ್ತಿ ಕೊಟ್ಟದ್ದು ಅದೊಂದೇ. ಸೀರೆ ಅಂಗಡಿ, ಚಿತ್ರಕಲೆ, ತರಕಾರಿ ವ್ಯಾಪಾರದವರಿಗೂ ಇದೇ ಮಾತು ಅನ್ವಯಿಸುತ್ತದೆ.

ಅಂಗಳದಲ್ಲಿ ಸುಲಿಯುವವರಿಗಾಗಿ ಹಾಕಿದ 50 ವ್ಯಾಟಿನ ಫ್ಲಡ್‌ಲೈಟ್ ಬಗ್ಗೆ ಅಷ್ಟು ಒಳ್ಳೆಯ ಮಾತಾಡಲಾರೆ. ದೀಪ ಗಟ್ಟಿಯಾಗಿದೆ, ಐಪಿ65 ದರ್ಜೆಯದಾದ್ದರಿಂದ ಮಳೆ ನೀರು ಒಳಗಿಳಿದಿಲ್ಲ. ಆದರೆ ಒಂದೇ ಕಡೆಯಿಂದ ಬೀಳುವ ತೀಕ್ಷ್ಣ ಬೆಳಕಿನಲ್ಲಿ ಪ್ರತಿಯೊಬ್ಬರ ನೆರಳೂ ಅವರ ಮೆಟ್ಟುಗತ್ತಿಯ ಮೇಲೆಯೇ ಬೀಳುತ್ತಿತ್ತು, ತಲೆಯೆತ್ತಿದರೆ ಕಣ್ಣು ಕುಕ್ಕುತ್ತಿತ್ತು. ಕತ್ತಿಯ ಮುಂದೆ ಕೈಯಿಟ್ಟು ಕೆಲಸ ಮಾಡುವವರಿಗೆ ಇದು ಸಣ್ಣ ದೋಷವಲ್ಲ. ಅದನ್ನು ತೋಟದ ದಾರಿಗೆ ಸಾಗಿಸಿ, ಚಪ್ಪರದ ಅಡ್ಡಪಟ್ಟಿಗೆ ನಾಲ್ಕು ಬ್ಯಾಟನ್‌ಗಳನ್ನು ಅಂತರ ಬಿಟ್ಟು ಕಟ್ಟಿದ ಮೇಲೆ ದೂರು ನಿಂತಿತು. ಉದ್ದನೆಯ ದೀಪದ ಬೆಳಕು ಹಲವು ಬಿಂದುಗಳಿಂದ ಬರುವುದರಿಂದ ನೆರಳು ತೆಳುವಾಗುತ್ತದೆ. ಸುಲಿಯುವ ಯಂತ್ರ ಇಟ್ಟುಕೊಂಡವರು ಇನ್ನೊಂದನ್ನು ಗಮನಿಸಬೇಕು: ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಬರಿಗಣ್ಣಿಗೆ ಅದು ಕಾಣದಿದ್ದರೂ ತಿರುಗುವ ಚಕ್ರ ನಿಧಾನವಾಗಿ ತಿರುಗುತ್ತಿರುವಂತೆ, ಕೆಲವೊಮ್ಮೆ ನಿಂತೇ ಇರುವಂತೆ ಭ್ರಮೆ ಹುಟ್ಟಿಸಬಲ್ಲದು. ಮೊಬೈಲ್ ಕ್ಯಾಮೆರಾವನ್ನು ದೀಪಕ್ಕೆ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದರೆ ಅಂಥ ದೀಪವನ್ನು ಯಂತ್ರದ ಬಳಿಯೂ ಓದುವ ಮೇಜಿನ ಬಳಿಯೂ ಹಾಕಬಾರದು.

ಬಾಳಿಕೆಯ ವಿಷಯಕ್ಕೆ ಬರುತ್ತೇನೆ. ಡಬ್ಬಿಯ ಮೇಲೆ 25,000 ಗಂಟೆ ಎಂದಿರುತ್ತದೆ. ದಿನಕ್ಕೆ 5 ಗಂಟೆಯಂತೆ ಅದು 13 ವರ್ಷಕ್ಕೂ ಮಿಗಿಲು. ಸಾಮಾನ್ಯವಾಗಿ ಈ ಅಂಕಿಯ ಅರ್ಥ ಅಷ್ಟು ಗಂಟೆಗಳ ನಂತರ ಎಲ್‌ಇಡಿಯ ಬೆಳಕು ಮೊದಲಿನ 70 ಪ್ರತಿಶತಕ್ಕೆ ಇಳಿದಿರುತ್ತದೆ ಎಂದೇ ಹೊರತು, ಒಳಗಿನ ಡ್ರೈವರ್ ಅಲ್ಲಿಯವರೆಗೆ ಬದುಕಿರುತ್ತದೆ ಎಂದಲ್ಲ. ಡ್ರೈವರ್ ಎಂದರೆ 230 ವೋಲ್ಟಿನ ಎಸಿ ವಿದ್ಯುತ್ತನ್ನು ಎಲ್‌ಇಡಿಗೆ ಬೇಕಾದ ಸ್ಥಿರ ಡಿಸಿ ಪ್ರವಾಹವನ್ನಾಗಿ ಮಾಡುವ ಸಣ್ಣ ಸರ್ಕಿಟ್. ನನ್ನ ಪುಸ್ತಕದಲ್ಲಿ ಕೆಟ್ಟವೆಂದು ದಾಖಲಾದ ದೀಪಗಳಲ್ಲಿ ಬಹುಪಾಲು ಸತ್ತದ್ದು ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಎಂದರೆ ಗುಡುಗು ಮಿಂಚಿನ ಕಾಲದಲ್ಲಿ. ಮೇನ್ ಬೋರ್ಡಿನಲ್ಲಿ ಎಸ್‌ಪಿಡಿ ಎಂಬ ಮಿಂಚಿನ ಏರಿಳಿತ ತಡೆಯುವ ಸಾಧನವನ್ನು ಕೂರಿಸಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಗುಂಡಿಯನ್ನು ಹೊಸದಾಗಿ ಮಾಡಿಸಿದ ಮೇಲೆ ಒಂದೇ ಗುಡುಗಿಗೆ ಮೂರು ನಾಲ್ಕು ದೀಪಗಳು ಹೋಗುವುದು ನಿಂತಿದೆ. ಬಿಡಿ ದೀಪ ಕೊಳ್ಳುವಾಗ ಸರ್ಜ್ ರಕ್ಷಣೆ ಎಷ್ಟು ಕಿಲೋವೋಲ್ಟ್ ಎಂದು ಬರೆದಿದೆಯೇ ನೋಡಿಕೊಳ್ಳಿ.

ವೋಲ್ಟೇಜ್ ಇಳಿಯುವುದು ಬೇರೆಯೇ ಸಮಸ್ಯೆ. ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ನಮ್ಮಲ್ಲಿ 160 ವೋಲ್ಟ್ ಬರುವುದೂ ಉಂಟು. ಡ್ರೈವರ್ ಬೇರೆಯಾಗಿ ಇರುವ ಒಳ್ಳೆಯ ದೀಪಗಳು ಆಗಲೂ ಒಂದೇ ಸಮನೆ ಉರಿಯುತ್ತವೆ. ಎಲ್‌ಇಡಿ ಕೂತಿರುವ ತಗಡಿನ ಮೇಲೆಯೇ ಡ್ರೈವರ್ ಬೆಸೆದಿರುವ ಡಿಒಬಿ ಮಾದರಿಯ ಅಗ್ಗದ ಬಲ್ಬುಗಳು ಮಂಕಾಗುತ್ತವೆ ಅಥವಾ ಮಿಣುಕುತ್ತವೆ. ಇವನ್ನು ಎತ್ತಿ ನೋಡಿದರೂ ಪತ್ತೆ ಹಚ್ಚಬಹುದು, ಅನುಮಾನ ಬರುವಷ್ಟು ಹಗುರವಾಗಿರುತ್ತವೆ. ಇನ್ನು ಶಾಖ. ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಬುಡದಲ್ಲಿ ಹುಟ್ಟುವ ಶಾಖ ಹೊರಹೋಗದಿದ್ದರೆ ಡ್ರೈವರಿನ ಕೆಪಾಸಿಟರ್ ಒಣಗುತ್ತದೆ. ಹಳೆಯ ಗಾಜಿನ ಗೋಳದೊಳಗೆ ಮುಚ್ಚಿಟ್ಟ 12 ವ್ಯಾಟಿನ ಬಲ್ಬುಗಳು ನಮ್ಮಲ್ಲಿ ಒಂದೂವರೆ ವರ್ಷ ದಾಟಲಿಲ್ಲ, ಬಚ್ಚಲಿನ ಬರಿಯ ಹೋಲ್ಡರಿನಲ್ಲಿರುವುದು 6 ವರ್ಷದಿಂದ ಉರಿಯುತ್ತಿದೆ.

ಕೆಟ್ಟ ಬಲ್ಬುಗಳನ್ನು ಬಿಚ್ಚುವುದು ನನ್ನ ಚಪಲ. ಸರಣಿಯಲ್ಲಿ ಜೋಡಿಸಿದ ಚಿಪ್‌ಗಳಲ್ಲಿ ಒಂದರ ಮೇಲೆ ಕಪ್ಪು ಚುಕ್ಕೆ ಇದ್ದರೆ ಅದೇ ಸುಟ್ಟದ್ದು. ಒಂದು ಸುಟ್ಟರೆ ಇಡೀ ಸಾಲು ಆರುತ್ತದೆ. ಪೇಟೆಯಲ್ಲಿ ಆ ಒಂದನ್ನು ಶಾರ್ಟ್ ಮಾಡಿ ದೀಪ ಹೊತ್ತಿಸಿಕೊಡುವವರಿದ್ದಾರೆ. ನಾನೂ ಹಾಗೆ ಮಾಡಿಸಿದ್ದೇನೆ, ಹೆಚ್ಚಿನವು ಕೆಲವೇ ತಿಂಗಳಲ್ಲಿ ಮತ್ತೆ ಆರಿವೆ.

ದೇವರ ಕೋಣೆಯ ಮಣೆಯ ಕೆಳಗೂ ಅಡುಗೆಕಟ್ಟೆಯ ಮೇಲೂ ಸ್ಟ್ರಿಪ್ ಲೈಟ್ ಅಂಟಿಸಿದ್ದೇನೆ. 12 ವೋಲ್ಟಿನ ಈ ಪಟ್ಟಿಗಳಿಗೆ ಮೀಟರಿಗೆ 9.6 ವ್ಯಾಟ್ ಎಂದರೆ 5 ಮೀಟರಿಗೆ 48 ವ್ಯಾಟ್, ಅಂದರೆ 4 ಆಂಪಿಯರ್ ಬೇಕು. ಒಂದೇ ತುದಿಯಿಂದ ವಿದ್ಯುತ್ ಕೊಟ್ಟರೆ ತೆಳು ತಾಮ್ರದ ಹಾದಿಯಲ್ಲಿ ವೋಲ್ಟೇಜ್ ಇಳಿದು ಕೊನೆಯ ಭಾಗ ಮಂಕಾಗುತ್ತದೆ. ಎರಡೂ ತುದಿಗಳಿಂದ ಕೊಟ್ಟ ಮೇಲೆ ಸರಿಯಾಯಿತು. ಗೋಡೆಗೆ ನೇರ ಅಂಟಿಸಿದ ಪಟ್ಟಿ ಮಳೆಗಾಲದ ತೇವಕ್ಕೆ ಕಳಚಿ ಬಿತ್ತು, ಅಲ್ಯೂಮಿನಿಯಂ ಚಾನೆಲಿನೊಳಗೆ ಕೂರಿಸಿದ್ದು ಇನ್ನೂ ಇದೆ. ಚುಕ್ಕೆ ಚುಕ್ಕೆಯಾಗಿ ಕಾಣಬಾರದೆನ್ನುವವರು ಚಿಪ್‌ಗಳನ್ನು ಒತ್ತೊತ್ತಾಗಿ ಕೂರಿಸಿದ ಸಿಒಬಿ ಪಟ್ಟಿಯನ್ನು ಕೊಳ್ಳಬಹುದು.

ಕೊಟ್ಟಿಗೆಗೆ ಹಾಕಿದ ಸೆನ್ಸರ್ ಬಲ್ಬು ಮೊದಲಿಗೆ ರಾಡಾರ್ ಮಾದರಿಯದಾಗಿತ್ತು. ದನ ಬಾಲ ಬೀಸಿದರೂ ಹೊತ್ತಿಕೊಳ್ಳುವ ಅದು ರಾತ್ರಿಯಿಡೀ ಆರಲೇ ಇಲ್ಲ. ಶಾಖ ಗುರುತಿಸುವ ಪಿಐಆರ್ ಮಾದರಿಯನ್ನು ಬಾಗಿಲಿನತ್ತ ಮಾತ್ರ ಮುಖ ಮಾಡಿ ಕಟ್ಟಿದ ಮೇಲೆ ಆ ಗೋಳು ತಪ್ಪಿತು. ವಿದ್ಯುತ್ ಹೋದಾಗ ತಾನಾಗಿ ಉರಿಯುವ ಇನ್ವರ್ಟರ್ ಬಲ್ಬು ಮೊದಲ ವರ್ಷ ಸುಮಾರು 4 ಗಂಟೆ, ಮೂರನೆಯ ವರ್ಷ ಒಂದು ಗಂಟೆಗೂ ಕಡಿಮೆ ಉರಿಯಿತು. ಒಳಗಿನ ಲಿಥಿಯಂ ಅಯಾನ್ ಬ್ಯಾಟರಿ ಸೋತಿತ್ತು. ಸ್ವಿಚ್ ಆರಿಸಿದರೂ ಅಟ್ಟದ ಬಲ್ಬು ಮಿಣಮಿಣ ಎನ್ನುತ್ತಿದ್ದುದಕ್ಕೆ ದೆವ್ವ ಕಾರಣವಾಗಿರಲಿಲ್ಲ, ವೈರಿಂಗ್ ಮಾಡಿದವರು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಸ್ವಿಚ್ ಕೊಟ್ಟಿದ್ದರು. ಇದು ತಮಾಷೆಯಾಗಿ ಕಂಡರೂ ಅಪಾಯ, ಏಕೆಂದರೆ ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ವಿದ್ಯುತ್ ಇರುತ್ತದೆ.

ಕಳೆದ ವರ್ಷ ನಡುಮನೆಯ ಮುಚ್ಚಿಗೆಯ ಪ್ಯಾನೆಲ್ ದೀಪ ಆರಿದಾಗ ಇಡೀ ದೀಪವನ್ನೇ ಬದಲಿಸಬೇಕೆಂದು ಅಂಗಡಿಯವರು ಹೇಳಿದರು. ಪ್ಯಾನೆಲ್ ಮತ್ತು ಡೌನ್‌ಲೈಟ್‌ಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಹೊರಗಡೆ ಒಂದು ಪುಟ್ಟ ಪೆಟ್ಟಿಗೆಯಾಗಿ ಇರುತ್ತದೆ, ಪಿನ್ ಎಳೆದರೆ ಬೇರೆಯಾಗುತ್ತದೆ. ಅದರ ಮೇಲೆ ಬರೆದಿರುವ ಔಟ್‌ಪುಟ್ ಮಿಲಿಆಂಪಿಯರ್ ಮತ್ತು ವೋಲ್ಟೇಜ್ ವ್ಯಾಪ್ತಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಎರಡೂ ಹೊಂದುವ ಬಿಡಿ ಡ್ರೈವರನ್ನು ಇನ್ನೊಂದು ಅಂಗಡಿಯಿಂದ ತಂದು ಜೋಡಿಸಿದೆ. ಹೊಸ ಪ್ಯಾನೆಲ್‌ನ ಕಾಲು ಭಾಗದಷ್ಟೂ ಖರ್ಚಾಗಲಿಲ್ಲ. ಆ ದೀಪದ ಬುಡದಲ್ಲಿ ಈಗ ಎರಡು ತಾರೀಖುಗಳಿವೆ.