‘ಪಿಸಿಓಡಿ ಬುಡಸಮೇತ ವಾಸಿ’ ಅನ್ನುವ ಪ್ಯಾಕೇಜಿಗೆ ದುಡ್ಡು ಕೊಡಬೇಡಿ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಇರುವ ನಮ್ಮವರು ದಯವಿಟ್ಟು ಇದನ್ನು ಓದಿ. ಪಿಸಿಓಡಿ ಅಂದರೆ ಹಾರ್ಮೋನ್ ಏರುಪೇರಾಗಿ ಅಂಡಾಶಯದಿಂದ ಅಂಡ ಸರಿಯಾಗಿ ಬಿಡುಗಡೆಯಾಗದ, ಮುಟ್ಟು ಏರುಪೇರಾಗುವ ತೊಂದರೆ, ಪಿಸಿಓಎಸ್ ಅನ್ನುವುದೂ ಇದನ್ನೇ. ‘ಪಿಸಿಓಡಿ ಬುಡಸಮೇತ ವಾಸಿ, ಮಾತ್ರೆ ಬೇಡವೇ ಬೇಡ’ ಅಂತ ಪುಡಿ, ಕಷಾಯ, ಡಯಟ್ ಚಾರ್ಟ್ ಸೇರಿಸಿ ಮಾರುವ ಒಂದು ಕ್ಲಿನಿಕ್ಕಿಗೆ ನನ್ನ ತಂಗಿ ಹೋಗಿದ್ದಳು. ಅಲ್ಲಿ ಹಳೇ ಸೋನೋಗ್ರಫಿ ರಿಪೋರ್ಟ್ ನೋಡಿದರು, ಅಷ್ಟೇ. ಒಂದು ರಕ್ತ ಪರೀಕ್ಷೆಯನ್ನೂ ಕೇಳಲಿಲ್ಲ. ‘ಇಷ್ಟೊಂದು ಗಂಟುಗಳಿವೆ, ಕರಗಿಸದಿದ್ದರೆ ಮಕ್ಕಳಾಗಲ್ಲ’ ಅಂದರು. ಅವಳು ತೆಗೆದುಕೊಳ್ಳುತ್ತಿದ್ದ ಮೆಟ್‌ಫಾರ್ಮಿನ್ (ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ಕೊಡುವ ಮಾತ್ರೆ), ಹಾರ್ಮೋನ್ ಮಾತ್ರೆ ಎರಡನ್ನೂ ಅವತ್ತೇ ನಿಲ್ಲಿಸಿಬಿಟ್ಟರು. ಮನೆಯಲ್ಲಿ ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿ, ಹೆದರದೆ ಇರುತ್ತಾಳಾ?

ಆಮೇಲೆ ತಿಂಗಳುಗಟ್ಟಲೆ ಮುಟ್ಟೇ ಇಲ್ಲ. ಕೇಳಿದರೆ ‘ದೇಹ ಶುದ್ಧಿಯಾಗುತ್ತಿದೆ’ ಅನ್ನುವ ಉತ್ತರ, ಜೊತೆಗೆ ಇನ್ನೊಂದು ಪ್ಯಾಕೆಟ್. ಕೊನೆಗೆ ರಕ್ತ ಹೋಗಲು ಶುರುವಾದದ್ದು ನಿಲ್ಲಲೇ ಇಲ್ಲ. ಲೋಕಲ್ ಟ್ರೇನಿನಲ್ಲಿ ತಲೆಸುತ್ತಿ ಕುಸಿದಳು. ಆಸ್ಪತ್ರೆಗೆ ಸೇರಿಸಿದಾಗ ಹಿಮೋಗ್ಲೋಬಿನ್ ತೀರಾ ಇಳಿದಿತ್ತು, ಗರ್ಭಕೋಶದ ಒಳಪದರ ದಪ್ಪವಾಗಿತ್ತು. ಕ್ಯಾನ್ಸರ್ ಇದೆಯಾ ಅಂತ ಒಳಪದರದ ಚೂರು ತೆಗೆದು ನೋಡುವ ಬಯಾಪ್ಸಿ ರಿಪೋರ್ಟ್ ಬರುವ ತನಕ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಪುಣ್ಯ, ಕೆಟ್ಟದ್ದೇನೂ ಇರಲಿಲ್ಲ.

ಯಾಕೆ ಹೀಗಾಯಿತು ಅಂತ ಅಲ್ಲಿನ ಡಾಕ್ಟರ್ ಸಮಾಧಾನದಿಂದ ಹೇಳಿದರು. ಅಂಡ ಬಿಡುಗಡೆ ಆಗದಿದ್ದರೆ ಒಳಪದರವನ್ನು ಹತೋಟಿಯಲ್ಲಿಡುವ ಪ್ರೊಜೆಸ್ಟರಾನ್ ಹಾರ್ಮೋನ್ ಸಿಗುವುದಿಲ್ಲ, ಈಸ್ಟ್ರೋಜನ್ ಅನ್ನುವ ಇನ್ನೊಂದು ಹಾರ್ಮೋನ್ ಮಾತ್ರ ಕೆಲಸ ಮಾಡುತ್ತಾ ಒಳಪದರವನ್ನು ಬೆಳೆಸುತ್ತಲೇ ಇರುತ್ತದೆ, ಅದು ಕಳಚಿ ಹೋಗದೆ ವರ್ಷಗಟ್ಟಲೆ ಹಾಗೇ ಉಳಿದರೆ ಮುಂದೆ ಗರ್ಭಕೋಶದ ಕ್ಯಾನ್ಸರ್ ಅಪಾಯವೂ ಹೆಚ್ಚುತ್ತದೆ. ಹಾರ್ಮೋನ್ ಮಾತ್ರೆ ಕೊಟ್ಟಿದ್ದೇ ಇದನ್ನು ತಡೆಯಲು! ಹಾಗಾಗಿ 3 ತಿಂಗಳಾದರೂ ಮುಟ್ಟು ಬಂದಿಲ್ಲ ಅಂದರೆ ಸುಮ್ನೆ ಕಾಯಬೇಡಿ.

ಇನ್ನು ಆ ‘ಗಂಟುಗಳು’. ಅವು ಪೂರ್ತಿ ಬೆಳೆಯದೆ ನಿಂತ, ಒಳಗೆ ಅಂಡ ಇರುವ ಪುಟ್ಟ ಚೀಲಗಳು (ಫಾಲಿಕಲ್). ಕರಗಿಸಬೇಕಾದ ಗಡ್ಡೆಗಳಲ್ಲ. ಸ್ಕ್ಯಾನ್ ಒಂದನ್ನೇ ನೋಡಿ ಪಿಸಿಓಎಸ್ ಅನ್ನುವಂತೆಯೂ ಇಲ್ಲ. ಪಿಸಿಓಎಸ್ ಗುರುತಿಸಲು ಡಾಕ್ಟರುಗಳು ಬಳಸುವ 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಏರುಪೇರಾದ ಮುಟ್ಟು, ಜಾಸ್ತಿಯಾದ ಗಂಡು ಹಾರ್ಮೋನ್ ಅಥವಾ ಅದರ ಲಕ್ಷಣ (ಗಲ್ಲದ ಮೇಲೆ ಗಡುಸು ಕೂದಲು, ಬಿಡದ ಮೊಡವೆ), ಸ್ಕ್ಯಾನಿನಲ್ಲಿ ಇಂಥ ಪುಟ್ಟ ಚೀಲಗಳು ತುಂಬಿದಂತೆ ಕಾಣುವ ಅಂಡಾಶಯ, ಈ ಮೂರರಲ್ಲಿ ಎರಡಾದರೂ ಇರಬೇಕು. ಅದಕ್ಕೂ ಮೊದಲು ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ತೊಂದರೆ ಇಲ್ಲ ಅಂತ ಖಚಿತವಾಗಬೇಕು. ಮೈನೆರೆದು 8 ವರ್ಷ ಕಳೆಯದ ಹುಡುಗಿಯರಲ್ಲಂತೂ ಸ್ಕ್ಯಾನ್ ನೋಡಿ ತೀರ್ಮಾನಿಸಲೇಬಾರದು. ಕಾಲೇಜು ಹುಡುಗಿಯರನ್ನು ಸ್ಕ್ಯಾನ್ ತೋರಿಸಿ ಹೆದರಿಸುವವರನ್ನು ಕಂಡರೆ ನನಗೆ ತುಂಬಾ ಸಿಟ್ಟು ಬರುತ್ತದೆ.

ಇದು ಬುಡಸಮೇತ ಹೋಗುವ ಕಾಯಿಲೆ ಅಲ್ಲ, ಆದರೆ ಚೆನ್ನಾಗಿ ಹತೋಟಿಯಲ್ಲಿ ಇಡಬಹುದು. ಎಷ್ಟೋ ಜನರಿಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಕುತ್ತಿಗೆ ಹಿಂದೆ ಕಪ್ಪಾಗುವುದು ಅದಕ್ಕೇ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆದ್ದರಿಂದ ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ತೂಕ ಜಾಸ್ತಿ ಇದ್ದವರಿಗೆ 5ರಿಂದ 10 ಶೇಕಡಾ ಇಳಿದರೂ ಅನುಕೂಲ, ಆದರೆ ಸಣ್ಣಗಿರುವವರಿಗೂ ಪಿಸಿಓಎಸ್ ಬರುತ್ತದೆ. ಮಕ್ಕಳು ಬೇಕಾದಾಗ ಅಂಡ ಬಿಡುಗಡೆಗೆ ನೆರವಾಗುವ ಲೆಟ್ರೋಜೋಲ್‌ನಂಥ ಮಾತ್ರೆಗಳಿವೆ, ಚಿಕಿತ್ಸೆ ಇಲ್ಲದೆಯೇ ಗರ್ಭ ನಿಲ್ಲುವವರೂ ಎಷ್ಟೋ ಜನ ಇದ್ದಾರೆ. ‘ಮಕ್ಕಳಾಗಲ್ಲ’ ಅನ್ನುವುದು ಶುದ್ಧ ಸುಳ್ಳು.

ಖಾಸಗಿ ಡಾಕ್ಟರ್ ಫೀಸು ಭಾರ ಅನಿಸಿದರೆ ಪರೇಲ್‌ನ ಕೆಇಎಂ, ಸಾಯನ್ ಆಸ್ಪತ್ರೆಗಳ ಸ್ತ್ರೀರೋಗ ಓಪಿಡಿಗೆ ಹೋಗಿ. ಕ್ಯೂ ಉದ್ದ, ಬೆಳಿಗ್ಗೆ ಬೇಗ ಹೊರಡಬೇಕು, ಆದರೆ ನೋಡುವವರು ನಿಜವಾದ ಡಾಕ್ಟರು.

ನಮ್ಮ ದುಡ್ಡು ವಾಪಸ್ ಬಂದಿಲ್ಲ. ಮುಟ್ಟಿನ ತೊಂದರೆ ಸರಿಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೆಯುತ್ತದೆ. ಹಾಗಾಗಿ ಆಹಾರ, ಔಷಧಿಗಳ ಮೇಲೆ ನಿಗಾ ಇಡುವ ಮಹಾರಾಷ್ಟ್ರ ಸರ್ಕಾರದ ಎಫ್‌ಡಿಎಗೆ ದೂರು ಬರೆದಿದ್ದೇವೆ. ಇಂಥದ್ದೇ ಪ್ಯಾಕೆಟ್ ನಿಮ್ಮ ಮನೆಯಲ್ಲೂ ಇದ್ದರೆ ಬಿಲ್ಲು, ಲೇಬಲ್, ವಾಟ್ಸ್‌ಆ್ಯಪ್ ಮೆಸೇಜು ಯಾವುದನ್ನೂ ಅಳಿಸಬೇಡಿ, ಎಸೆಯಬೇಡಿ. ದೂರಿಗೆ ಅವೇ ಬೇಕಾಗುತ್ತವೆ.