ಮೂರು ಗುಡ್ಡಸಾಲು, ಒಂದೇ ಸೈಕಲ್: ಇಂಗ್ಲೆಂಡಿನಲ್ಲಿ ಕಾರುಗಳ ಕಾಟವಿಲ್ಲದ ದಾರಿ ಎಲ್ಲಿದೆ?

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ನಿಜಕ್ಕೂ ಸದ್ದಿಲ್ಲದ ರಸ್ತೆ ಬೇಕೆಂದರೆ ಉತ್ತರದ ಯಾರ್ಕ್‌ಷೈರ್ ವೋಲ್ಡ್ಸ್ ಗುಡ್ಡಗಳಿಗೆ ಹೋಗಿ. ಲಂಡನ್, ಸ್ಲೌ, ರೆಡಿಂಗ್ ಸುತ್ತಮುತ್ತ ಇದ್ದುಕೊಂಡು, ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ ಸೇರಬೇಕು ಅನ್ನುವವರಿಗೆ ಚಿಲ್ಟರ್ನ್ಸ್ ಸಾಕು. ಪಶ್ಚಿಮದ ಕಾಟ್ಸ್‌ವೋಲ್ಡ್ಸ್ ಚೆಲುವಿನಲ್ಲಿ ಎಲ್ಲಕ್ಕಿಂತ ಮುಂದೆ, ನೆಮ್ಮದಿಯಲ್ಲಿ ಎಲ್ಲಕ್ಕಿಂತ ಹಿಂದೆ. ಮೂರೂ ಕಡೆ ನಾನು ತುಳಿದದ್ದು ಅದೇ ಸೈಕಲ್, ಅದೇ 32 ಮಿಲಿಮೀಟರ್ ಟೈರು, ಅದೇ ನಲವತ್ತು ದಾಟಿದ ಮೊಣಕಾಲು. ಮನೆ ರೆಡಿಂಗ್‌ನಲ್ಲಿರುವುದರಿಂದ ಚಿಲ್ಟರ್ನ್ಸ್ ಮೇಲೆ ಕೊಂಚ ಪಕ್ಷಪಾತ ಇದ್ದೀತು, ಇರಲಿ.

ನಂದಿಬೆಟ್ಟ ಹತ್ತಿ ರೂಢಿಯಿರುವ ಬೆಂಗಳೂರಿನ ಗೆಳೆಯರು ಇಲ್ಲಿಗೆ ಬಂದಾಗ ನಕ್ಷೆ ನೋಡಿ ನಗುತ್ತಾರೆ. ನಗುವಂಥ ಎತ್ತರವೇ ಬಿಡಿ. ಕಾಟ್ಸ್‌ವೋಲ್ಡ್ಸ್‌ನ ತುತ್ತತುದಿ ಕ್ಲೀವ್ ಹಿಲ್ 330 ಮೀಟರ್, ಚಿಲ್ಟರ್ನ್ಸ್ 267, ಯಾರ್ಕ್‌ಷೈರ್ ವೋಲ್ಡ್ಸ್ ಬರೀ 246. ಆದರೆ ನಂದಿಯಲ್ಲಿ ಏರು ಒಂದೇ. ಹತ್ತಿದರೆ ಆ ದಿನದ ಲೆಕ್ಕ ಚುಕ್ತಾ. ಇಲ್ಲಿ ಅರ್ಧ ಮೈಲಿ ಏರು, ಅರ್ಧ ಮೈಲಿ ಇಳಿಜಾರು, ತಿರುವಿನಾಚೆ ಮತ್ತೆ ಏರು. 50 ಮೈಲಿ ಸುತ್ತಿದರೆ 3,000 ಅಡಿ ಹತ್ತಿರುತ್ತೀರಿ, ಯಾವ ಬೆಟ್ಟ ಹತ್ತಿದೆ ಎಂದು ಹೇಳಿಕೊಳ್ಳಲು ಒಂದು ಹೆಸರೂ ಇರುವುದಿಲ್ಲ. ಇಲ್ಲಿಯ ಸರ್ಕಾರಿ ಆರ್ಡ್‌ನೆನ್ಸ್ ಸರ್ವೆ ನಕ್ಷೆಯಲ್ಲಿ ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಏಳಡಿಗೆ ಒಂದಡಿ ಅಥವಾ ಅದಕ್ಕೂ ಕಡಿದಾದ ಏರು, ಎರಡಿದ್ದರೆ ಐದಡಿಗೆ ಒಂದಕ್ಕಿಂತ ಕಡಿದು. ಎರಡು ಬಾಣ ಕಂಡ ಕಡೆ ನಾನು ನಾಚಿಕೆಯಿಲ್ಲದೆ ಇಳಿದು ತಳ್ಳುತ್ತೇನೆ.

ಇನ್ನು ನೆಮ್ಮದಿಯ ಮಾತು. ಗಂಟೆಗೆ ಎಷ್ಟು ಕಾರು ಬಂದವು ಎಂದು ಎಣಿಸಿ ರಸ್ತೆ ಅಳೆಯುವವರಿದ್ದಾರೆ. ನನ್ನ ಅಳತೆ ಬೇರೆ: ಒಂದೇ ಒಂದು ಕಾರು ಬಂದಾಗ ಏನಾಗುತ್ತದೆ? ಈ ಹಳ್ಳಿ ರಸ್ತೆಗಳಲ್ಲಿ ಹೆಚ್ಚಿನವು ಒಂದು ಕಾರಿನಷ್ಟೇ ಅಗಲ, ಆದರೂ ಬೇರೆ ಫಲಕ ಇಲ್ಲದಿದ್ದರೆ ಕಾನೂನಿನ ಮಿತಿ ಗಂಟೆಗೆ 60 ಮೈಲಿ. 2022ರಲ್ಲಿ ಹೈವೇ ಕೋಡ್ ಎಂಬ ಇಲ್ಲಿಯ ರಸ್ತೆ ನಿಯಮಗಳ ಪುಸ್ತಕ ಬದಲಾದ ಮೇಲೆ, ಸೈಕಲ್ಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಬೇಕು ಎಂದಿದೆ. ಒಂದೂವರೆ ಮೀಟರ್ ಬಿಡಲು ರಸ್ತೆಯೇ ಇಲ್ಲದ ಕಡೆ ಡ್ರೈವರ್ ಹಿಂದೆಯೇ ಬರಬೇಕು, ಇಲ್ಲವೇ ನೀವು ಪಕ್ಕಕ್ಕೆ ಸರಿಯಬೇಕು. ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ನಿಮ್ಮ ಇಡೀ ದಿನ ನಿಂತಿದೆ.

ಚಿಲ್ಟರ್ನ್ಸ್‌ನಲ್ಲಿ ಪಕ್ಕದಲ್ಲಿರುವುದು ಮಣ್ಣಿನ ದಿಬ್ಬ, ಅದರ ಮೇಲೆ ಬೇಲಿಸಾಲು, ಅದರ ಮೇಲೆ ಬೀಚ್ ಮರಗಳ ಚಪ್ಪರ. ರಸ್ತೆ ಅಕ್ಕಪಕ್ಕದ ನೆಲಕ್ಕಿಂತ ತಗ್ಗಿನಲ್ಲಿ ಹೋಗುತ್ತದೆ, ನಟ್ಟನಡುವೆ ಹಸಿರು ಹುಲ್ಲಿನ ಗೆರೆ. ಮುಂದಿನ ತಿರುವು ಕಾಣುವುದಿಲ್ಲ, ಆದರೆ ಕಾರಿನವನಿಗೂ ಕಾಣುವುದಿಲ್ಲವಾದ್ದರಿಂದ ಅವನೂ ಹೆದರಿಕೊಂಡೇ ಬರುತ್ತಾನೆ. ಗದ್ದೆಯ ಗೇಟುಗಳ ಬಳಿ ನಿಂತು ದಾರಿ ಬಿಟ್ಟರೆ ಕೈಯೆತ್ತಿ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ.

ನನ್ನ ಕಾಯಂ ಸುತ್ತು ಹೆನ್ಲಿಯಿಂದ ಶುರು. ಥೇಮ್ಸ್ ದಂಡೆಯ ರಸ್ತೆಯಲ್ಲಿ ಮಿಲ್ ಎಂಡ್‌ವರೆಗೆ ಹಲ್ಲು ಕಚ್ಚಿಕೊಂಡು ಹೋಗಬೇಕು, ಅಲ್ಲಿ ವಾಹನ ಜಾಸ್ತಿ. ಎಡಕ್ಕೆ ಹ್ಯಾಂಬಲ್ಡನ್ ಕಡೆ ತಿರುಗಿದ ಕೂಡಲೇ ಬೇರೆಯೇ ಲೋಕ: ಸ್ಕರ್ಮೆಟ್, ಫಿಂಗೆಸ್ಟ್, ಟರ್ವಿಲ್. ಫಿಂಗೆಸ್ಟ್ ಚರ್ಚಿನ ಗೋಪುರಕ್ಕೆ ಒಂದರ ಪಕ್ಕ ಒಂದು ಎರಡು ಮಾಡು, ನೋಡಿದರೆ ಮೇಸ್ತ್ರಿ ಎರಡು ಮನಸ್ಸಿನಲ್ಲಿದ್ದ ಹಾಗಿದೆ. ಟರ್ವಿಲ್‌ನಿಂದ ಟರ್ವಿಲ್ ಹೀತ್, ನಾರ್ತೆಂಡ್ ದಾಟಿ ಕ್ರಿಸ್‌ಮಸ್ ಕಾಮನ್ ತಲುಪುವಷ್ಟರಲ್ಲಿ ತೊಡೆಗಳು ಮಾತಾಡತೊಡಗುತ್ತವೆ. ನೆತ್ತಿಯ ಮೇಲೆ ರೆಡ್ ಕೈಟ್ ಹದ್ದುಗಳು, ಎಷ್ಟು ತಗ್ಗಿನಲ್ಲಿ ಅಂದರೆ ಬಾಲ ತಿರುಗಿಸುವುದೂ ಕಾಣುತ್ತದೆ. ಇಂಗ್ಲೆಂಡಿನಿಂದ ಅಳಿದೇಹೋಗಿದ್ದ ಇವನ್ನು ಸ್ಪೇನಿನಿಂದ ತಂದು 1989ರಿಂದ 1994ರವರೆಗೆ ಇಲ್ಲಿ ಬಿಟ್ಟರು. ಈಗ ಕಾಗೆಯಷ್ಟೇ ಮಾಮೂಲು.

ಕಣಿವೆಯಲ್ಲಿ ಇಷ್ಟು ದೂರ ಬಂದರೂ ನೀರಿನ ಸದ್ದು ಹೆಚ್ಚು ಕಡೆ ಇಲ್ಲವಲ್ಲ ಅನ್ನಿಸುತ್ತದೆ. ನೆಲದಡಿ ಇರುವುದು ಸೀಮೆಸುಣ್ಣದ ಕಲ್ಲು. ಮಳೆ ಬಿದ್ದಷ್ಟೂ ಒಳಗೆ ಇಳಿಯುತ್ತದೆ. ಗುಡ್ಡದ ಮೇಲಿನ ಊರುಗಳಿಗೆ ಹಿಂದೆ ಕುಡಿಯುವ ನೀರಿಗೇ ತತ್ವಾರ. ಸ್ಟೋಕ್ ರೋ ಎಂಬ ಹಳ್ಳಿಯಲ್ಲಿ ಇದಕ್ಕೆ ಸಾಕ್ಷಿಯಿದೆ: ಕಾಶಿಯ ಮಹಾರಾಜರ ದುಡ್ಡಿನಲ್ಲಿ ತೋಡಿದ ಬಾವಿ. ಉತ್ತರ ಭಾರತದಲ್ಲಿ ಅಧಿಕಾರಿಯಾಗಿದ್ದ ಎಡ್ವರ್ಡ್ ರೀಡ್ ತನ್ನ ಊರಿನ ಕಡೆಯ ನೀರಿನ ಬವಣೆಯನ್ನು ಹೇಳಿಕೊಂಡಿದ್ದನ್ನು ರಾಜರು ಮರೆಯಲಿಲ್ಲ. 1864ರಲ್ಲಿ ಬಾವಿ ಊರಿಗೆ ಸಿಕ್ಕಿತು. ಕೈಯಿಂದಲೇ ತೋಡಿದ್ದು, ಅಗಲ ನಾಲ್ಕಡಿ, ಆಳ 368 ಅಡಿ. ಮೇಲೆ ಗುಮ್ಮಟ, ಒಳಗೆ ರಾಟೆಯ ಯಂತ್ರದ ಮೇಲೆ ಬಂಗಾರದ ಬಣ್ಣದ ಆನೆ. ಪಕ್ಕದ ಹುಲ್ಲಿನ ಮೇಲೆ ಸೈಕಲ್ ಮಲಗಿಸಿ, ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನಲು ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಚಿಲ್ಟರ್ನ್ಸ್‌ನ ಶಾಪ ಚಕಮಕಿ ಕಲ್ಲು. ಮಳೆ ಬಂದ ಮಾರನೆಯ ದಿನ ದಿಬ್ಬದಿಂದ ಕೊಚ್ಚಿಬಂದ ಚೂರುಗಳು ರಸ್ತೆಯಂಚಿನಲ್ಲಿ ಸಾಲಾಗಿ ಬಿದ್ದಿರುತ್ತವೆ. ಉಗುರಿನ ಚೂರಿನಷ್ಟು ಕಪ್ಪು ಕಲ್ಲು, ಗಾಜಿನ ಅಂಚು. ಟೈರಿನೊಳಗೆ ಇಳಿದರೆ ಹೊರಗಿನಿಂದ ಕಾಣುವುದೇ ಇಲ್ಲ. ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಮೈ ಮೇಲೆ ಬೆರಳಾಡಿಸಿ ನೋಡದಿದ್ದರೆ ಮುಂದಿನ ಮೈಲಿಯಲ್ಲೇ ಹೊಸ ಟ್ಯೂಬೂ ಠುಸ್. ಎಚ್‌ಎಸ್2 ಎಂಬ ಅತಿವೇಗದ ರೈಲುದಾರಿಯ ಕಾಮಗಾರಿಯಿರುವ ಗ್ರೇಟ್ ಮಿಸೆಂಡನ್, ವೆಂಡೋವರ್ ಕಡೆ ಲಾರಿಗಳ ಓಡಾಟ ಕಂಡು ನಾನು ಆ ದಿಕ್ಕನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಕಾಟ್ಸ್‌ವೋಲ್ಡ್ಸ್‌ಗೆ ರೆಡಿಂಗ್‌ನಿಂದ ರೈಲಿನಲ್ಲಿ ಮೋರ್ಟನ್-ಇನ್-ಮಾರ್ಷ್‌ಗೆ ಹೋಗಿ ಇಳಿಯುವುದು ಸುಲಭ. ಸೈಕಲ್ಲಿಗೆ ಮೊದಲೇ ಜಾಗ ಕಾದಿರಿಸಿಕೊಳ್ಳಿ. ಜೇನುಬಣ್ಣದ ಕಲ್ಲಿನ ಮನೆಗಳ ಬಗ್ಗೆ ನಾನು ಹೊಸದಾಗಿ ಹೇಳುವುದೇನಿಲ್ಲ. ಹೇಳಬೇಕಾದ್ದು ಗೋಡೆಯ ಬಗ್ಗೆ. ಗಾರೆಯಿಲ್ಲದೆ ಪೇರಿಸಿದ ಸುಣ್ಣಕಲ್ಲಿನ ಗೋಡೆ ಎಷ್ಟೋ ಕಡೆ ಡಾಂಬರಿನ ಅಂಚಿಗೇ ಅಂಟಿಕೊಂಡಿದೆ. ಎದುರಿಗೆ ಬಾಡಿಗೆ ಕಾರು, ಅದರಲ್ಲಿ ಅಷ್ಟು ಸಣ್ಣ ರಸ್ತೆ ಜನ್ಮದಲ್ಲಿ ನೋಡದ ಪ್ರವಾಸಿ, ಅವನ ಹಿಂದೆ ಇನ್ನೊಂದು ಕಾರು. ಹ್ಯಾಂಡಲ್ ಗೋಡೆಗೆ ತಾಗಿಸಿ, ಹೊಟ್ಟೆ ಒಳಗೆಳೆದು ನಿಲ್ಲುವುದೊಂದೇ ದಾರಿ. ಬೋರ್ಟನ್-ಆನ್-ದ-ವಾಟರ್, ಬೈಬರಿ, ಅಪ್ಪರ್ ಮತ್ತು ಲೋವರ್ ಸ್ಲಾಟರ್ ಹಳ್ಳಿಗಳು: ಬೇಸಿಗೆಯ ಭಾನುವಾರ ಇವುಗಳ ನಡುವಿನ ಕಿರುದಾರಿಗಳಲ್ಲಿ ಜಾತ್ರೆ.

ಆದರೆ ಪಶ್ಚಿಮಕ್ಕೆ ಸರಿದಂತೆ ಜನ ಕರಗುತ್ತಾರೆ. ಲಾಂಗ್‌ಬರೋ, ಕಾಂಡಿಕೋಟ್, ಟೆಂಪಲ್ ಗೈಟಿಂಗ್, ಗೈಟಿಂಗ್ ಪವರ್, ನಾಂಟನ್ ಊರುಗಳನ್ನು ಪೋಣಿಸಿದರೆ ಒಳ್ಳೆಯ ಸುತ್ತಾಗುತ್ತದೆ. ಮೇಲೆ ಬಯಲು, ವಿಂಡ್‌ರಷ್ ಹೊಳೆಯ ಕಡೆ ಧುತ್ತೆಂದು ಇಳಿತ, ದಾಟಿದ ಮೇಲೆ ಅಷ್ಟೇ ಏರು. ಇಲ್ಲಿಯ ಡಾಂಬರು ಮೂರರಲ್ಲೂ ನಯ, ಪಂಕ್ಚರ್ ಅಪರೂಪ, ಟೀ ಅಂಗಡಿ ಬೇಕಾದಷ್ಟು, ಬೆಲೆ ಮಾತ್ರ ಕೇಳಬೇಡಿ. ಲಾಂಗ್‌ಬರೋ ಹತ್ತಿರವೇ ಸೆಜಿನ್‌ಕೋಟ್ ಇದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿಕೊಂಡು ಬಂದ ಚಾರ್ಲ್ಸ್ ಕಾಕರೆಲ್ 1805ರ ನಂತರ ಕಟ್ಟಿಸಿದ ಮೊಘಲ್ ಶೈಲಿಯ ಬಂಗಲೆ. ತಾಮ್ರದ ಗುಮ್ಮಟ, ತೋಟದ ಸೇತುವೆಯ ಮೇಲೆ ನಂದಿಗಳು. ಎಲ್ಲ ದಿನ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೋಗಿ. ಸೈಕಲ್ಲಿಗಾಗಿಯೇ ಹೋಗುವುದಾದರೆ ವಾರದ ನಡುವಿನ ದಿನ, ಮಕ್ಕಳಿಗೆ ಶಾಲೆಯಿರುವ ತಿಂಗಳು.

ಯಾರ್ಕ್‌ಷೈರ್ ವೋಲ್ಡ್ಸ್ ಚಿಲ್ಟರ್ನ್ಸ್‌ನ ಒಡಹುಟ್ಟು. ಅದೇ ಸೀಮೆಸುಣ್ಣದ ಪಟ್ಟಿ ದೇಶದ ಉದ್ದಕ್ಕೂ ಸಾಗಿ ಇಲ್ಲಿ ಸಮುದ್ರ ಸೇರುತ್ತದೆ. ನೀರಿಲ್ಲದ ಕಣಿವೆಗಳು ಇಲ್ಲೂ ಇವೆ, ಕಾಡು ಮಾತ್ರ ಇಲ್ಲ. ನಾನು ಅಳೆಯುವ ರಸ್ತೆಯಂಚು ಇಲ್ಲಿ ಎದ್ದು ಕಾಣುತ್ತದೆ: ಎರಡೂ ಕಡೆ ಹಲವು ಗಜ ಅಗಲದ ಹುಲ್ಲು. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಬಯಲನ್ನು ಹಂಚಿ ಬೇಲಿ ಹಾಕಿದಾಗ ಅಳತೆಗಾರರು ರಸ್ತೆಗೆಂದು ಧಾರಾಳವಾಗಿ ಜಾಗ ಬಿಟ್ಟರು, ಡಾಂಬರು ನಡುವೆ ಒಂದು ಪಟ್ಟಿಯಷ್ಟೇ ಬಿತ್ತು. ಕಾರು ಅರ್ಧ ಮೈಲಿ ದೂರದಿಂದಲೇ ಕಾಣುತ್ತದೆ, ಪಕ್ಕಕ್ಕೆ ಸರಿಯಲು ಜಾಗವಿದೆ, ಮತ್ತೆ ಕಾರೇ ಬರುವುದು ಕಡಿಮೆ. ಈ ರಸ್ತೆಗಳು ಯಾವ ದೊಡ್ಡ ಊರಿಗೂ ಒಳದಾರಿಯಲ್ಲ. ಹೋಗುವವರೆಲ್ಲ ಎ166 ಎಂಬ ಮುಖ್ಯರಸ್ತೆ ಹಿಡಿದು ಸಮುದ್ರಕ್ಕೆ ಹೋಗಿಬಿಡುತ್ತಾರೆ.

ಮಾಲ್ಟನ್ ಸ್ಟೇಷನ್ನಿನಿಂದ ಲ್ಯಾಂಗ್ಟನ್, ಬರ್ಡ್‌ಸಾಲ್ ದಾಟಿ ಒಂದು ಗಟ್ಟಿ ಏರು ಹತ್ತಿದರೆ ಥಿಕ್ಸೆಂಡೇಲ್. ಕಣಿವೆಯ ತಳದಲ್ಲಿ ರಸ್ತೆ ಹಾವಿನಂತೆ ಹೋಗುತ್ತದೆ, ಎರಡೂ ಪಕ್ಕ ಕುರಿ ಮೇಯುವ ಕಡಿದಾದ ಹಸಿರು. ಚಿತ್ರಕಾರ ಡೇವಿಡ್ ಹಾಕ್ನಿ ಈ ಸೀಮೆಯ ರಸ್ತೆಗಳನ್ನೇ ವರ್ಷಗಟ್ಟಲೆ ಬರೆದ. ಹತ್ತಿರದ ವಾರಮ್ ಪರ್ಸಿ ಸುಮಾರು 1500ರ ಹೊತ್ತಿಗೆ ಖಾಲಿಯಾದ ಊರು. ಉಳುಮೆ ಬಿಟ್ಟು ಕುರಿ ಸಾಕಲು ಜನರನ್ನು ಎಬ್ಬಿಸಿದರು. ಚರ್ಚಿನ ಪಾಳುಗೋಡೆ, ಮನೆಗಳಿದ್ದ ಕಡೆ ಹುಲ್ಲಿನ ಉಬ್ಬು. 1950ರಿಂದ ನಲವತ್ತು ವರ್ಷ ಅಗೆದು ಅಧ್ಯಯನ ಮಾಡಿದ್ದಾರೆ. ಸೈಕಲ್ ಬಿಟ್ಟು ಸ್ವಲ್ಪ ನಡೆಯಬೇಕು, ನಡೆಯಿರಿ.

ತೊಂದರೆ ಎರಡು. ಒಂದು ಹೊಟ್ಟೆ: ಮೈಲಿಗಟ್ಟಲೆ ಅಂಗಡಿ ಸಿಗುವುದಿಲ್ಲ, ಸಿಕ್ಕ ಪಬ್ಬಿನ ಅಡುಗೆಮನೆ ಮುಚ್ಚಿರುತ್ತದೆ, ಸಸ್ಯಾಹಾರಿಗಳು ಚಪಾತಿ ಸುತ್ತಿಕೊಂಡೇ ಹೊರಡಬೇಕು. ಇನ್ನೊಂದು ಗಾಳಿ. ಮರೆಯಿಲ್ಲದ ಬಯಲು, ಪಡುವಣ ಗಾಳಿಗೆ ಎದುರಾದರೆ ಇಳಿಜಾರಿನಲ್ಲೂ ತುಳಿಯಬೇಕು. ಹಾಗಾಗಿ ಸುತ್ತು ಹಾಕುವ ಬದಲು ಯಾರ್ಕ್‌ನಿಂದ ಪೂರ್ವಕ್ಕೆ ಒಂದೇ ದಿಕ್ಕಿನಲ್ಲಿ ಹೋಗುವುದು ಜಾಣತನ. ಪಶ್ಚಿಮ ಕರಾವಳಿಯ ಮೋರ್ಕಮ್‌ನಿಂದ ಬ್ರಿಡ್ಲಿಂಗ್ಟನ್‌ಗೆ 170 ಮೈಲಿಯ ‘ವೇ ಆಫ್ ದ ರೋಸಸ್’ ಎಂಬ ಗುರುತು ಹಾಕಿದ ಸೈಕಲ್ ದಾರಿಯಿದೆ. ಅದರ ಕೊನೆಯ ತುಂಡು ಯಾರ್ಕ್‌ನಿಂದ ಪಾಕ್ಲಿಂಗ್ಟನ್, ಹಗ್ಗೆಟ್, ಡ್ರಿಫೀಲ್ಡ್ ಮೂಲಕ ಸಮುದ್ರಕ್ಕೆ. ಬೆನ್ನಿಗೆ ಗಾಳಿ ಇಟ್ಟುಕೊಂಡು ಹೋಗಿ. ಸುಸ್ತಾದರೆ ಡ್ರಿಫೀಲ್ಡ್‌ನಲ್ಲೇ ರೈಲು ಹತ್ತಬಹುದು.

ತಿಂಗಳಿನ ವಿಷಯದಲ್ಲಿ ಮೂರಕ್ಕೂ ಒಂದೇ ಮಾತು. ಹಕ್ಕಿಗಳು ಗೂಡು ಕಟ್ಟುವುದರಿಂದ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರ್ ಬಂದರೆ ಟ್ರಾಕ್ಟರುಗಳು ಹೊರಡುತ್ತವೆ, ಹಾಥಾರ್ನ್ ಮುಳ್ಳು ರಸ್ತೆ ತುಂಬ. ಮೇ, ಜೂನ್‌ಗೆ ಒಂದು ಟ್ಯೂಬ್ ಸಾಕು. ಅಕ್ಟೋಬರ್‌ಗೆ ಎರಡು ಟ್ಯೂಬ್, ಪ್ಯಾಚು, ಗಮ್, ಗಟ್ಟಿ ಪಂಪು.