‘ಹಡಗಿನೊಳಗಿನ ಹಡಗು’ ಲಕ್ಷುರಿ ಹಡಗಲ್ಲ: ಪೂರ್ತಿ ಹಣ ಕಟ್ಟುವ ಮುಂಚೆ ಇದನ್ನು ಓದಿ

ದೊಡ್ಡ ಕ್ರೂಸ್ ಹಡಗಿನ ಪ್ರತ್ಯೇಕ ಸೂಟ್ ವಿಭಾಗವನ್ನು, ಅಂದರೆ ‘ಹಡಗಿನೊಳಗಿನ ಹಡಗ’ನ್ನು, ಬುಕ್ ಮಾಡಲು ಹೊರಟಿದ್ದೀರಾ? "ಲಕ್ಷುರಿ ಹಡಗಿನ ಅನುಭವವೇ ಸಿಗುತ್ತೆ, ದರ ಮಾತ್ರ ಕಡಿಮೆ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಅಲ್ಲೇ ನಿಲ್ಲಿ. ನಮ್ಮ ಏಜೆಂಟ್ ಹೇಳಿದ್ದೂ ಇದೇ ಮಾತು. ಅಮ್ಮನಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ, ಗದ್ದಲವೂ ಆಗದು ಎಂದು ಮೊದಲ ಫೋನಿನಲ್ಲೇ ತಿಳಿಸಿದ್ದೆ. "ಚಿಂತೆ ಬಿಡಿ ಸರ್, ನಿಮ್ಮ ತಾಯಿಯವರು ಎಲ್ಲೂ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ" ಎಂಬ ಉತ್ತರ ಬಂತು. ಆ ಭರವಸೆಯ ಮೇಲೆ ಹಣ ಕಟ್ಟಿದೆವು. ಕಂಪನಿಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಮಾರುವ ರೀತಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಒಂದು ಹೆಸರು ತಿಳಿದು ನಿಮಗೆ ದೊಡ್ಡ ಉಪಯೋಗವೂ ಇಲ್ಲ.

ಈ ವ್ಯವಸ್ಥೆ ಗೊತ್ತಿಲ್ಲದವರಿಗೆ ಎರಡು ಮಾತು. ಲಕ್ಷುರಿ ಹಡಗು ಅಂದರೆ ಕೆಲವೇ ನೂರು ಜನರನ್ನು ಕರೆದೊಯ್ಯುವ ಚಿಕ್ಕ, ದುಬಾರಿ ಹಡಗು. ಇದು ಬೇರೆ. ಸಾವಿರಾರು ಜನ ಹಿಡಿಸುವ ಹಡಗಿನಲ್ಲಿ, ಸಾಮಾನ್ಯವಾಗಿ ಮುಂಭಾಗದ ಮೇಲಿನ ಡೆಕ್‌ಗಳಲ್ಲಿ, ಒಂದಷ್ಟು ಸೂಟ್‌ಗಳನ್ನು ಬೇರ್ಪಡಿಸಿ ಅಲ್ಲಿ ತಂಗುವವರಿಗೇ ಒಂದು ಲೌಂಜ್, ಒಂದು ರೆಸ್ಟೋರೆಂಟ್, ಒಂದು ಚಿಕ್ಕ ಈಜುಕೊಳ, ಬಿಸಿಲು ಕಾಯುವ ಡೆಕ್ ಕೊಡುತ್ತಾರೆ. ಒಳಗೆ ಹೋಗಲು ಬೇರೆ ಕೀ ಕಾರ್ಡ್ ಬೇಕು. ಸೂಟ್‌ನ ಕೆಲಸ ನೋಡಿಕೊಳ್ಳುವ ಬಟ್ಲರ್ ಇರುತ್ತಾರೆ, ಬೇಕುಬೇಡ ವಿಚಾರಿಸಿ ಏರ್ಪಾಡು ಮಾಡುವ ಕನ್ಸಿಯರ್ಜ್ ಇರುತ್ತಾರೆ. ಎಂಎಸ್‌ಸಿ ಕಂಪನಿ 2008ರಲ್ಲಿ ಫ್ಯಾಂಟಾಸಿಯಾ ಹಡಗಿನಲ್ಲಿ ‘ಯಾಟ್ ಕ್ಲಬ್’ ಶುರುಮಾಡಿತು. ನಾರ್ವೇಜಿಯನ್ ಕಂಪನಿಯವರದು ‘ಹೇವನ್’, ಸೆಲೆಬ್ರಿಟಿ ಕಂಪನಿಯವರದು ‘ರಿಟ್ರೀಟ್’. ರಾಯಲ್ ಕೆರಿಬಿಯನ್‌ನಲ್ಲಿ ಸೂಟ್‌ಗಳಿಗೆ ಸೀ, ಸ್ಕೈ, ಸ್ಟಾರ್ ಎಂಬ ಮೂರು ದರ್ಜೆಗಳಿವೆ.

ನಮಗೆ ಮೊದಲ ಪೆಟ್ಟು ಬಿದ್ದದ್ದು ಹಡಗು ಹತ್ತಿದ ಮಧ್ಯಾಹ್ನವೇ. ಸ್ವಾಗತವೇನೋ ಚೆನ್ನಾಗಿತ್ತು. ಬೇರೆ ಕೌಂಟರ್, ಕೂರಲು ಸೋಫಾ, ಲೌಂಜಿನವರೆಗೆ ಜೊತೆಗೇ ಬಂದ ಸಿಬ್ಬಂದಿ. ಆಮೇಲೆ ಸೂಟ್ ತೋರಿಸಲು ಕರೆದೊಯ್ದವರು ಗಾಜಿನ ಬಾಗಿಲು ದಾಟಿ ಆ ವಿಭಾಗದಿಂದಲೇ ಹೊರಗೆ ಹೊರಟರು. ಲಿಫ್ಟಿನಲ್ಲಿ ಹಲವು ಡೆಕ್ ಕೆಳಗಿಳಿದು, ಎರಡೂ ಬದಿ ಸಾಮಾನ್ಯ ಕೋಣೆಗಳಿದ್ದ ಉದ್ದನೆಯ ಕಾರಿಡಾರಿನಲ್ಲಿ ನಡೆದೆವು, ನಡೆದೆವು, ನಡೆಯುತ್ತಲೇ ಇದ್ದೆವು. ನಮ್ಮ ಸೂಟ್ ಇದ್ದದ್ದು ಹಡಗಿನ ಹಿಂತುದಿಯಲ್ಲಿ. ಲೌಂಜು, ರೆಸ್ಟೋರೆಂಟು, ಕೊಳ ಎಲ್ಲವೂ ಮುಂತುದಿಯಲ್ಲಿ. ಅಮ್ಮ ಗೋಡೆಯ ಕಂಬಿ ಹಿಡಿದು ಅರ್ಧ ದಾರಿಯಲ್ಲೇ ನಿಂತರು. ಬೆಳಗಿನ ತಿಂಡಿಗೆ ಹೋಗಬೇಕೆಂದರೂ ಅದೇ ದಾರಿ, ರಾತ್ರಿ ಊಟ ಮುಗಿಸಿ ಬರುವಾಗಲೂ ಅದೇ ದಾರಿ. ಈ ಹಡಗುಗಳು ಎಷ್ಟು ಉದ್ದ ಅಂತೀರಿ? ಎಂಎಸ್‌ಸಿ ವರ್ಲ್ಡ್ ಯೂರೋಪಾ 333 ಮೀಟರ್, ಐಕಾನ್ ಆಫ್ ದಿ ಸೀಸ್ ಸುಮಾರು 365 ಮೀಟರ್.

ಕನ್ಸಿಯರ್ಜ್ ಹತ್ತಿರ ಕೇಳಿದರೆ, "ನಿಮ್ಮದು ನಮ್ಮ ವಿಭಾಗದ ಸೂಟೇ ಸರ್, ಜಾಗ ಮಾತ್ರ ಹೊರಗಡೆ ಇದೆ" ಅಂದರು. ಅವರು ಹೇಳಿದ್ದು ನಿಜ. ಹಲವು ಹಡಗುಗಳಲ್ಲಿ ಇದೇ ಹೆಸರಿನಲ್ಲಿ ಮಾರುವ ಕೆಲವು ಸೂಟ್‌ಗಳು ಆ ಬಾಗಿಲಿನ ಆಚೆ, ಹಡಗಿನ ಮಧ್ಯದಲ್ಲೋ ಹಿಂಭಾಗದಲ್ಲೋ ಇರುತ್ತವೆ. ಸೌಲಭ್ಯಗಳೆಲ್ಲ ಸಿಗುತ್ತವೆ, ನೆಮ್ಮದಿ ಸಿಗುವುದಿಲ್ಲ. ಡೆಕ್ ನಕ್ಷೆಯಲ್ಲಿ ಸೂಟ್ ನಂಬರ್ ಹುಡುಕಿದರೆ ಒಂದು ನಿಮಿಷದಲ್ಲಿ ತಿಳಿಯುವ ವಿಷಯ ಇದು. ಮಂಡಿನೋವಿನವರನ್ನು ಕರೆದುಕೊಂಡು ಹೋಗುತ್ತೇವೆಂದು ಹೇಳಿದ ಗ್ರಾಹಕರಿಗೆ ಇದನ್ನು ಮೊದಲೇ ತಿಳಿಸುವುದು ಮಾರಿದವರ ಕರ್ತವ್ಯವಾಗಿತ್ತು. ಇವತ್ತಿಗೂ ನನಗೆ ಅದರ ಬಗ್ಗೆ ಸಿಟ್ಟಿದೆ.

‘ಸೂಟ್’ ಎಂಬ ಹೆಸರಿನ ವಿಷಯದಲ್ಲೂ ಹುಷಾರಾಗಿರಿ. ಎಂಎಸ್‌ಸಿಯ ‘ಔರಿಯಾ’ ಸೂಟ್ ತೆಗೆದುಕೊಂಡರೆ ಯಾಟ್ ಕ್ಲಬ್ ಒಳಗೆ ಪ್ರವೇಶವಿಲ್ಲ. ನಾರ್ವೇಜಿಯನ್‌ನ ‘ಕ್ಲಬ್ ಬಾಲ್ಕನಿ ಸೂಟ್’ ಹೇವನ್‌ಗೆ ಸೇರಿದ್ದಲ್ಲ. ರಾಯಲ್ ಕೆರಿಬಿಯನ್‌ನ ಜೂನಿಯರ್ ಸೂಟ್‌ನವರಿಗೆ ಸೂಟ್‌ನವರ ರೆಸ್ಟೋರೆಂಟಿನಲ್ಲಿ ರಾತ್ರಿಯೂಟ ಮಾತ್ರ, ಅದೂ ಕೆಲವು ಬಗೆಯ ಹಡಗುಗಳಲ್ಲಷ್ಟೇ.

ಇನ್ನು ನಮ್ಮ ದಾರಿಯಲ್ಲಿ ಬಂದ ಗ್ರೀಸ್‌ನ ಸ್ಯಾಂಟೊರಿನಿ ದ್ವೀಪ. ಅಲ್ಲಿ ಕ್ರೂಸ್ ಹಡಗು ದಡಕ್ಕೆ ಬರುವುದಿಲ್ಲ, ಸಮುದ್ರದಲ್ಲೇ ನಿಲ್ಲುತ್ತದೆ. ಹಡಗಿನಿಂದ ದಡ ಮುಟ್ಟಿಸುವ ಚಿಕ್ಕ ಟೆಂಡರ್ ದೋಣಿಯಲ್ಲಿ ಹಳೆ ಬಂದರಿಗೆ ಹೋಗಿ, ಅಲ್ಲಿಂದ 200 ಮೀಟರಿಗೂ ಎತ್ತರದಲ್ಲಿರುವ ಫಿರಾ ಊರಿಗೆ ಹತ್ತಬೇಕು. ಹತ್ತಲು ಕೇಬಲ್ ಕಾರ್, ಇಲ್ಲವೇ ಹೇಸರಗತ್ತೆಗಳು ಓಡಾಡುವ ಸುಮಾರು 600 ಮೆಟ್ಟಿಲು. ನಮಗೆ ಟೆಂಡರ್‌ನಲ್ಲಿ ಆದ್ಯತೆ ಇತ್ತು, ಅದನ್ನು ಅವರು ಸರಿಯಾಗಿಯೇ ನಡೆಸಿಕೊಟ್ಟರು. ಮಿಕ್ಕವರನ್ನು ತಡೆದು ನಮ್ಮನ್ನು ಮೊದಲು ದೋಣಿಗೆ ಹತ್ತಿಸಿದರು. ದಡ ಮುಟ್ಟಿದ ಮೇಲೆ ನೋಡಿದರೆ ಕೇಬಲ್ ಕಾರಿನ ಸಾಲು ಬಂದರಿನ ಅಂಚಿನವರೆಗೂ ಬಂದಿತ್ತು. ನಮಗಿಂತ ಮೊದಲೇ ಬಂದ ಇನ್ನೊಂದು ದೊಡ್ಡ ಹಡಗಿನ ಜನ ಅವರೆಲ್ಲ. ನಮ್ಮ ಚಿನ್ನದ ಬಣ್ಣದ ಕೀ ಕಾರ್ಡ್ ಅಲ್ಲಿ ಯಾರಿಗೂ ಬೇಕಿರಲಿಲ್ಲ. ನೆರಳಿಲ್ಲ, ಕೂರಲು ಜಾಗವಿಲ್ಲ. "ಇನ್ನೂ ಎಷ್ಟು ಹೊತ್ತಪ್ಪಾ?" ಎಂದು ಅಮ್ಮ ಕೇಳುತ್ತಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಕಡೆಗೆ ಅವರನ್ನು ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಕೂರಿಸಿ, ಸಾಲು ಹತ್ತಿರ ಬಂದಾಗ ಕರೆದುಕೊಂಡೆ. ಮೇಲೆ ಹೋಗಿ ಒಂದು ಸುತ್ತು ನೋಡುವಷ್ಟರಲ್ಲಿ ಇಳಿಯುವ ಸಾಲಿನ ಚಿಂತೆ ಶುರುವಾಗಿತ್ತು.

ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರು ಎಂಬ ಮಿತಿ ಸ್ಯಾಂಟೊರಿನಿಯಲ್ಲಿದೆ. ಎರಡು ಭಾರಿ ಹಡಗು ಬಂದರೆ ಆ ಮಿತಿಯ ಹತ್ತಿರಕ್ಕೆ ಹೋದಂತೆಯೇ. ನಿಮ್ಮ ಸೂಟ್ ಎಷ್ಟೇ ಪ್ರತ್ಯೇಕವಾಗಿರಲಿ, ಊರಿಗೆ ನೀವು ಇಳಿಯುವುದು ನಿಮ್ಮ ಹಡಗಿನ ಸಾವಿರಾರು ಜನರ ಜೊತೆಗೇ. ನ್ಯಾಯವಾಗಿ ಹೇಳಬೇಕೆಂದರೆ, ಚಿಕ್ಕ ಲಕ್ಷುರಿ ಹಡಗಿನವರೂ ಅಂಥ ದಿನ ಬಂದರೆ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರಿಗಿರುವ ಅನುಕೂಲವೇ ಬೇರೆ. ದೊಡ್ಡ ಹಡಗು ಹೋಗಲಾಗದ ಬಂದರುಗಳಿಗೆ ಅವರ ಹಡಗು ಹೋಗುತ್ತದೆ.

ಸ್ಪೇನಿನ ಸೆವಿಲ್ಲೆಯನ್ನೇ ತೆಗೆದುಕೊಳ್ಳಿ. ಚಿಕ್ಕ ಹಡಗುಗಳು ಗ್ವಾಡಲ್ಕಿವಿರ್ ನದಿಯಲ್ಲಿ ಸುಮಾರು 80 ಕಿಲೋಮೀಟರ್ ಒಳಗೆ ಸಾಗಿ, ನೀರಿನ ಮಟ್ಟ ಹೊಂದಿಸುವ ಲಾಕ್ ದಾಟಿ, ಊರಿನೊಳಗೇ ನಿಲ್ಲುತ್ತವೆ. ದೊಡ್ಡ ಹಡಗಿನ ಪಟ್ಟಿಯಲ್ಲಿ ‘ಸೆವಿಲ್ಲೆ’ ಅಂತ ಇದ್ದರೂ ಹಡಗು ನಿಲ್ಲುವುದು ಸಮುದ್ರತೀರದ ಕಾದಿಸ್‌ನಲ್ಲಿ, ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ಬಸ್ ಪ್ರಯಾಣ. ವೆನಿಸ್‌ನ ಕಥೆಯೂ ಹಾಗೇ. 2021ರ ಆಗಸ್ಟ್‌ನಿಂದ 25,000 ಟನ್ (ಇಲ್ಲಿ ಟನ್ ತೂಕವಲ್ಲ, ಹಡಗಿನ ಒಳಗಿನ ಜಾಗದ ಅಳತೆ) ಮೀರಿದ ಹಡಗುಗಳು ಊರಿನ ಪಕ್ಕದ ಜ್ಯುಡೆಕ್ಕಾ ಕಾಲುವೆಗೆ ಬರುವಂತಿಲ್ಲ. ಅದಕ್ಕೇ ‘ವೆನಿಸ್’ ಎಂದು ದಪ್ಪಕ್ಷರದಲ್ಲಿ ಬರೆದ ಎಷ್ಟೋ ಪ್ರಯಾಣಗಳು ರವೆನ್ನಾದಿಂದಲೋ ಟ್ರಿಯೆಸ್ಟೆಯಿಂದಲೋ ಹೊರಡುತ್ತವೆ. ಎರಡೂ ವೆನಿಸ್‌ನಿಂದ ಗಂಟೆಗಟ್ಟಲೆ ದೂರ. ಆದರೆ ಲಕ್ಷುರಿ ಎಂಬ ಹೆಸರಿದ್ದ ಮಾತ್ರಕ್ಕೆ ಈ ನಿಯಮದಿಂದ ವಿನಾಯಿತಿ ಇಲ್ಲ. ಲಕ್ಷುರಿ ಹಡಗಾದ ಸಿಲ್ವರ್ ನೋವಾ ಕೂಡ 54,700 ಟನ್. ಆದ್ದರಿಂದ ಊರಿನ ಹೆಸರು ನೋಡಿ ಸಮಾಧಾನಪಡಬೇಡಿ, ಬಂದರಿನ ಹೆಸರು ಕೇಳಿ.

ಲೆಕ್ಕದಲ್ಲೇ ವ್ಯತ್ಯಾಸ ನೋಡಬೇಕೆಂದರೆ ಒಂದು ಸುಲಭದ ದಾರಿಯಿದೆ. ಹಡಗಿನ ಗ್ರಾಸ್ ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಬರುವ ಸಂಖ್ಯೆ ಹೆಚ್ಚಿದಷ್ಟೂ ತಲೆಗೆ ಸಿಗುವ ಜಾಗ ಹೆಚ್ಚು. ಐಕಾನ್ ಆಫ್ ದಿ ಸೀಸ್ 2,48,663 ಟನ್, ಕೋಣೆಗೆ ಇಬ್ಬರಂತೆ 5,610 ಜನ, ಅಂದರೆ ತಲೆಗೆ ಸುಮಾರು 44. ಕೋಣೆಗಳು ಭರ್ತಿಯಾಗಿ ಮಕ್ಕಳೂ ಸೇರಿದರೆ ಜನ 7,600ರವರೆಗೆ ಹೋಗುವುದರಿಂದ ಇದು ಇನ್ನೂ ಇಳಿಯುತ್ತದೆ. ಸಿಲ್ವರ್ ನೋವಾದಲ್ಲಿ 728 ಜನ, ತಲೆಗೆ 75. ಇನ್ನೊಂದು ಲಕ್ಷುರಿ ಹಡಗು ಎಕ್ಸ್‌ಪ್ಲೋರಾ 1 ಸುಮಾರು 63,900 ಟನ್, 922 ಜನ, ತಲೆಗೆ 69. ಸಿಬ್ಬಂದಿಯ ವಿಷಯವೂ ಹೀಗೇ. ಐಕಾನ್‌ನಲ್ಲಿ ಸುಮಾರು 2,350 ಸಿಬ್ಬಂದಿ, ಅಂದರೆ ಇಬ್ಬರಿಗಿಂತ ಹೆಚ್ಚು ಪ್ರಯಾಣಿಕರಿಗೆ ಒಬ್ಬರು. ಲಕ್ಷುರಿ ಹಡಗುಗಳಲ್ಲಿ ಹೆಚ್ಚುಕಡಿಮೆ ಒಂದೂಕಾಲು, ಒಂದೂವರೆ ಪ್ರಯಾಣಿಕರಿಗೆ ಒಬ್ಬರು. ಪ್ರತ್ಯೇಕ ವಿಭಾಗದೊಳಗೆ ಈ ಲೆಕ್ಕ ಖಂಡಿತ ಚೆನ್ನಾಗಿರುತ್ತದೆ. ಆದರೆ ಥಿಯೇಟರು, ಲಿಫ್ಟು, ಆಸ್ಪತ್ರೆ, ಇಳಿಯುವ ಬಾಗಿಲು ಎಲ್ಲ ಇಡೀ ಹಡಗಿಗೆ ಸೇರಿದ್ದು.

ಇನ್ನೊಂದು ಮಾತು ಯೋಚಿಸಿ. ನಾರ್ವೇಜಿಯನ್‌ನ ಮಾತೃಸಂಸ್ಥೆಗೇ ಲಕ್ಷುರಿ ಕಂಪನಿ ರೀಜೆಂಟ್ ಸೆವೆನ್ ಸೀಸ್ ಸೇರಿದೆ. ರಾಯಲ್ ಕೆರಿಬಿಯನ್ ಸಮೂಹದ ಕೈಯಲ್ಲಿ ಸಿಲ್ವರ್‌ಸೀ ಇದೆ, ಕಾರ್ನಿವಲ್ ಸಮೂಹದಲ್ಲಿ ಸೀಬೋರ್ನ್ ಇದೆ, ಇವೂ ಲಕ್ಷುರಿ ಕಂಪನಿಗಳೇ. ಯಾಟ್ ಕ್ಲಬ್ ಕಟ್ಟಿದ ಎಂಎಸ್‌ಸಿಯೇ 2023ರಲ್ಲಿ ಎಕ್ಸ್‌ಪ್ಲೋರಾ ಹಡಗಿನ ಪ್ರಯಾಣ ಶುರುಮಾಡಿತು. ಪ್ರತ್ಯೇಕ ವಿಭಾಗ, ಲಕ್ಷುರಿ ಹಡಗು ಎರಡೂ ಒಂದೇ ಸರಕು ಅಂತ ಅವರೇ ನಂಬಿದ್ದರೆ ಇಷ್ಟು ದುಡ್ಡು ಸುರಿದು ಬೇರೆ ಹಡಗು ಕಟ್ಟುತ್ತಿದ್ದರೇ?

ಊಟದ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಪ್ರತ್ಯೇಕ ರೆಸ್ಟೋರೆಂಟಿನಲ್ಲಿ ಇಡೀ ಪ್ರಯಾಣಕ್ಕೆ ಒಂದೇ ಮೆನು. ರುಚಿ ಚೆನ್ನಾಗಿತ್ತು, ಆದರೆ ಬೇಸರ ಬಂದು ಬೇರೆ ಕಡೆ ಹೋದರೆ ಅಲ್ಲಿ ಪ್ರತಿ ಬಾರಿಯೂ ಹೆಚ್ಚುವರಿ ಹಣ, ಅದರ ಮೇಲೆ ಸರ್ವಿಸ್ ಚಾರ್ಜ್. ಕಡೆಯ ರಾತ್ರಿ ಬಂದ ಬಿಲ್ಲಿನಲ್ಲಿ ವೈಫೈ, ದಿನದ ಟಿಪ್ಸ್, ಆ ಊಟಗಳು, ಊರು ತೋರಿಸಿದ ಬಸ್ಸು, ಎಲ್ಲ ಸಾಲಾಗಿ ನಿಂತಿದ್ದವು. ಏಜೆಂಟ್ ಹೋಲಿಸಿ ತೋರಿಸಿದ್ದು ಬರೀ ಟಿಕೆಟ್ ದರವನ್ನು. ರೀಜೆಂಟ್‌ನಂಥ ಕಂಪನಿಯ ದರದಲ್ಲಿ ಪಾನೀಯ, ಟಿಪ್ಸ್, ವೈಫೈ, ಬಹಳಷ್ಟು ಸ್ಥಳವೀಕ್ಷಣೆ ಸೇರಿರುತ್ತದೆ. ಸೀಬೋರ್ನ್, ಎಕ್ಸ್‌ಪ್ಲೋರಾದಲ್ಲಿ ಸ್ಥಳವೀಕ್ಷಣೆಗೆ ಬೇರೆ ದುಡ್ಡು. ಸಿಲ್ವರ್‌ಸೀಯಲ್ಲಿ ಕೆಲವು ವಿಶೇಷ ರೆಸ್ಟೋರೆಂಟುಗಳಿಗೆ ಹೆಚ್ಚುವರಿ ಶುಲ್ಕವಿದೆ. ಅದಕ್ಕೇ ಟಿಕೆಟ್ ದರ ಬಿಟ್ಟು, ಕಡೆಯ ದಿನದ ಒಟ್ಟು ಮೊತ್ತವನ್ನು ಹೋಲಿಸಿ. ನಾನು ನಮ್ಮ ಬಿಲ್ ಇಟ್ಟುಕೊಂಡು ಕೂಡಿ ನೋಡಿದಾಗ ಏಜೆಂಟ್ ಹೇಳಿದ ಅಂತರದಲ್ಲಿ ಉಳಿದದ್ದು ಬಹಳ ಕಮ್ಮಿ.

ಹಾಗಂತ ಈ ವಿಭಾಗಗಳೇ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ನಮ್ಮ ಬಟ್ಲರ್ ಬಹಳ ಒಳ್ಳೆಯ ಹುಡುಗ. ಅಮ್ಮನ ಕಷ್ಟ ನೋಡಿ ತಾನಾಗಿಯೇ ಗಾಲಿಕುರ್ಚಿ ತಂದುಕೊಟ್ಟ. ಅವನ ಪಾಲಿಗೆ ಅಷ್ಟೊಂದು ಸೂಟ್‌ಗಳಿದ್ದವು, ಆದರೂ ಮುಖ ಸಣ್ಣಗೆ ಮಾಡಿದವನಲ್ಲ. ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಕೂಡಿ ಹೊರಟವರಿಗೆ ಈ ವ್ಯವಸ್ಥೆ ನಿಜಕ್ಕೂ ಹೊಂದುತ್ತದೆ. ಮಕ್ಕಳಿಗೆ ನೀರಿನ ಜಾರುಬಂಡೆ, ರಾತ್ರಿ ದೊಡ್ಡ ಶೋಗಳು, ಹಿರಿಯರಿಗೆ ಹಿಂತಿರುಗಿ ಬರಲು ಶಾಂತವಾದ ಜಾಗ. ಲಕ್ಷುರಿ ಹಡಗಿನಲ್ಲಿ ಸಂಜೆಯ ಮೇಲೆ ಮಕ್ಕಳಿಗೆ ಬೇಜಾರಾಗುವ ಸಾಧ್ಯತೆಯೇ ಹೆಚ್ಚು. ಬಾಗಿಲಿನ ಒಳಗಡೆಯೇ ಇರುವ ಸೂಟ್ ಸಿಕ್ಕಿದರೆ, ಬಂದರುಗಳಿಗಿಂತ ಹಡಗೇ ಮುಖ್ಯ ಅನ್ನುವವರಾದರೆ, ಸಂತೋಷವಾಗಿ ಹೋಗಿ.

ಅಮ್ಮನನ್ನು ಆಮೇಲೆ ಒಂದು ಚಿಕ್ಕ ಹಡಗಿನಲ್ಲಿ ಕರೆದುಕೊಂಡು ಹೋದೆ. ಸೂಟ್ ಮೊದಲಿನದಕ್ಕಿಂತ ಚಿಕ್ಕದೇ. ಈಜುಕೊಳವೂ ಚಿಕ್ಕದು, ರಾತ್ರಿ ಹತ್ತರ ಮೇಲೆ ಹಡಗಿನಲ್ಲಿ ಸದ್ದಿಲ್ಲ. ಆದರೆ ಅಲ್ಲಿ ಕಾರ್ಡ್ ತೋರಿಸಿ ದಾಟಬೇಕಾದ ಗಾಜಿನ ಬಾಗಿಲು ಎಲ್ಲೂ ಇರಲಿಲ್ಲ. ಅಮ್ಮ ಎಲ್ಲಿ ಬೇಕೋ ಅಲ್ಲಿ ಕೂತರು. ಲಿಫ್ಟ್‌ಗೆ ಕಾಯಲಿಲ್ಲ. ದಡಕ್ಕಿಳಿದು, ಸುಸ್ತಾದಾಗ ಹಿಂತಿರುಗಿ, ಸಂಜೆ ಮತ್ತೆ ಇಳಿದರು. ಮೊದಲ ಪ್ರಯಾಣದಲ್ಲಿ ನಮಗೆ ಮಾತು ಕೊಟ್ಟದ್ದು ಇದನ್ನೇ.

ಈಗಾಗಲೇ ಮುಂಗಡ ಕೊಟ್ಟಿರುವವರು ಕೇಳಬೇಕಾದದ್ದು ಇಷ್ಟು. ಸೂಟ್ ನಂಬರ್ ಯಾವುದು, ಅದು ಪ್ರತ್ಯೇಕ ಬಾಗಿಲಿನ ಒಳಗಿದೆಯೋ ಹೊರಗಿದೆಯೋ? ನಂಬರ್ ಕೊಡದೆ ‘ಗ್ಯಾರಂಟಿ’ ದರ್ಜೆಯಲ್ಲಿ ಬುಕ್ ಮಾಡಿದ್ದರೆ ಎಲ್ಲಿ ಬೇಕಾದರೂ ಹಾಕುವ ಹಕ್ಕು ಅವರಿಗಿರುತ್ತದೆ, ಅದನ್ನು ಬದಲಿಸಿಕೊಳ್ಳಿ. ಯಾವ ಬಂದರಿನಲ್ಲಿ ಹಡಗು ದಡಕ್ಕೆ ನಿಲ್ಲುತ್ತದೆ, ಎಲ್ಲಿ ಟೆಂಡರ್? ಅದೇ ದಿನ ಬೇರೆ ಎಷ್ಟು ಹಡಗು ಬರುತ್ತವೆ? ಬಹಳಷ್ಟು ಬಂದರುಗಳ ವೇಳಾಪಟ್ಟಿ ಸಾರ್ವಜನಿಕವಾಗಿಯೇ ಸಿಗುತ್ತದೆ. ಯಾವ ಯಾವ ಖರ್ಚು ದರದೊಳಗೆ ಬರುವುದಿಲ್ಲ? ಉತ್ತರಗಳನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ನಾವು ದೂರು ಕೊಟ್ಟಾಗ ಕಂಪನಿಯಿಂದ ಬಂದ ಉತ್ತರ ಒಂದೇ ಸಾಲು: ಸೂಟ್ ಇರುವ ಜಾಗ ಡೆಕ್ ನಕ್ಷೆಯಲ್ಲಿ ತೋರಿಸಲಾಗಿದೆ, ಬಾಯಿಮಾತಿನ ಭರವಸೆಗೆ ಕಂಪನಿ ಹೊಣೆಯಲ್ಲ. ಏಜೆಂಟ್ ಫೋನ್ ಎತ್ತುವುದನ್ನೇ ಬಿಟ್ಟರು. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವ ಮೂರ್ನಾಲ್ಕು ತಿಂಗಳು ಮುಂಚೆ ಇರುತ್ತದೆ. ಅದು ದಾಟಿದ ಮೇಲೆ ರದ್ದು ಮಾಡಿದರೆ ಕಡಿತ ಏರುತ್ತಾ ಹೋಗುತ್ತದೆ, ಆದ್ದರಿಂದ ಇವೆಲ್ಲ ಆ ದಿನಾಂಕದ ಒಳಗೇ ಆಗಬೇಕು.